ರೇಡಿಯೇಟರಿನ ಹಣೆ

ನೀರನ್ನು ಕೊನೆಯ ಹೊಲಕ್ಕೆ ಮುಟ್ಟಿಸುವ ವಿದ್ಯೆ ನನ್ನ ರಕ್ತದಲ್ಲೇ ಇದೆ ಎಂದು ಆ ಜನವರಿಯ ಬೆಳಿಗ್ಗೆ ಘೋಷಿಸಿದೆ. ನಮ್ಮಪ್ಪನ ಹೊಲ ಕಾಲುವೆಯ ತುತ್ತತುದಿಯಲ್ಲಿತ್ತು. ಮೇಲಿನ ತೂಬುಗಳನ್ನು ಎಷ್ಟು ಮುಚ್ಚಿದರೆ ಕೆಳಗಿನ ಹೊಲ ನೆನೆಯುತ್ತದೆ ಎಂಬುದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ನಾನೋ, ಮನೆತನದ ಮೊದಲ ಪದವೀಧರ, ಸಿವಿಲ್ ಇಂಜಿನಿಯರ್. ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಕೂತು ಡಲ್ಲಾಸ್ ನಗರದ ಸುತ್ತಲಿನ ಚರಂಡಿ ಪೈಪುಗಳಿಗೆ ದಾರಿ ತೋರಿಸುವವನು. ಅಂಥವನ ಮನೆಯಲ್ಲೇ ಮುಂದಿನ ಹಾಲ್ ಕುದಿಯುವುದು, ಬಾಣಂತಿ ಕೋಣೆ ಮರಗಟ್ಟುವುದು ಎಂದರೇನು!

ಈ ಮನೆ ನನ್ನ ಹಟದ ಫಲ. ಹೆಂಡತಿಯ ಅಣ್ಣ ಇರಣ್ಣ ಹತ್ತಿರದ ಊರು ಮೆಕಿನ್ನಿಯಲ್ಲಿ ತನ್ನ ಹಾಗೆಯೇ ಹೊಸ ಮನೆ ತೆಗೆದುಕೋ ಎಂದಿದ್ದ. ನಾನು ದಪ್ಪ ಇಟ್ಟಂಗಿ ಗೋಡೆಯೇ ಬೇಕೆಂದು ಡಲ್ಲಾಸಿನ ಹಳೇ ಬಡಾವಣೆಯಲ್ಲಿ ಅಜ್ಜನ ಕಾಲದ ಮನೆ ಕೊಂಡೆ. ನೆಲಮಾಳಿಗೆಯಲ್ಲಿ ಬಾಯ್ಲರ್, ಅದರ ಪೈಪಿನಿಂದ ಕಾದು ಮನೆ ಬೆಚ್ಚಗಿಡಲು ಕೋಣೆಗೊಂದು ಬೀಡುಕಬ್ಬಿಣದ ರೇಡಿಯೇಟರ್. ಈ ಬಿಸಿಲ ಸೀಮೆಯಲ್ಲಿ ಅಂಥವು ಅಪರೂಪ. ಆಯುಧ ಪೂಜೆಯ ದಿನ ಎಲ್ಲಕ್ಕೂ ಕುಂಕುಮದ ಬೊಟ್ಟಿಟ್ಟೆ. ಹುಟ್ಟಲಿರುವ ಕೂಸಿನ ಕೋಣೆಯದಕ್ಕೆ ಮಾತ್ರ ವಿಶೇಷ ಪೂಜೆ. ಅದರ ಪಕ್ಕದಲ್ಲಿ ಸಣ್ಣ ಬೆಳ್ಳಿ ಬಣ್ಣದ ಗುಬುಟೊಂದಿತ್ತು. ಅದೇ ಹಣೆಯಿರಬೇಕೆಂದು ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿನಿಂದ ದಪ್ಪಗೆ ಬಳಿದು ಕೈಮುಗಿದಿದ್ದೆ.

ಈಗ ಕೂಸು ಬಂದಿತ್ತು, ಚಳಿಯೂ ಬಂದಿತ್ತು. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅತ್ತೆ ಸುಮಿತ್ರವ್ವ ಕೇಳಿದರು, "ಮಂಚದ ಬುಡಕ ಒಂದು ಅಗ್ಗಿಷ್ಟಿಗಿ ಇಡ್ರಲ್ಲ, ಅಳಿಯಂದ್ರ."

"ಹೊಗಿ ಅಲಾರಂ ಬಡಕೋತದರಿ."

"ಹಂಗಾರ ಕರೆಂಟಿನ ಹೀಟರ್?"

"ವೈರಿಂಗ್ ಹಳೇದ್ರಿ. ಫ್ಯೂಸ್ ಹೋಗ್ತದ."

"ಹಾಲಿನ್ಯಾಗ ಮಲಗಸೂಣಂದ್ರ ಬಂದವರ ಕಣ್ಣೆಲ್ಲಾ ಕೂಸಿನ ಮ್ಯಾಲ. ಹಸಿ ಬಾಣಂತಿ, ಅದು ಬ್ಯಾಡ."

ಹೆಂಡತಿ ಐಶ್ವರ್ಯಾ ಕೂಸಿನ ಅಂಗೈಯನ್ನು ನನ್ನ ಕೆನ್ನೆಗೆ ಮುಟ್ಟಿಸಿದಳು. ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಮೂಗು ಕಟ್ಟಿ, ಹಾಲು ಕುಡಿಯುವಾಗ ಅದು ಉಸಿರಿಗೆ ಒದ್ದಾಡುತ್ತಿತ್ತು.

"ಸಂಜಿಯೊಳಗ ಈ ಖೋಲಿ ಬೆಚ್ಚಗಾಗಲಿಲ್ಲಂದ್ರ ನಾನು ಅಣ್ಣನ ಮನಿಗಿ ಹೋಗಾಕಿ. ತೊಟ್ಟಿಲ ಕಾರ್ಯಾನೂ ಅಲ್ಲೇ," ಎಂದಳು.

ನಾನು ಕೊಂಡ ಮನೆಯಲ್ಲೇ ನನ್ನ ಮಗಳ ತೊಟ್ಟಿಲು ತೂಗಬೇಕು ಎಂಬ ಒಂದೇ ಆಸೆಗೆ ಈ ಇಟ್ಟಂಗಿ ಗುಡ್ಡೆಯನ್ನು ಹೊತ್ತುಕೊಂಡವನು ನಾನು.

ಅಪ್ಪನನ್ನು ನೆನೆದು ಕೆಲಸ ಶುರುಮಾಡಿದೆ. ಹಾಲ್, ಅಡಿಗೆಮನೆ, ಊಟದ ಕೋಣೆ, ಎಲ್ಲ ಕಡೆಯ ರೇಡಿಯೇಟರಿನ ವಾಲ್ವುಗಳನ್ನೂ ಅರ್ಧರ್ಧ ತಿರುವಿ ಮುಚ್ಚಿದೆ. ಮೇಲಿನ ತೂಬು ಬಿಗಿದಾಯಿತು, ಇನ್ನು ಕೊನೆಯ ಹೊಲಕ್ಕೆ ನೀರು.

"ನೋಡ್ತಿರು, ಇನ್ನೊಂದು ತಾಸಿಗಿ ಫ್ಯಾನ್ ಹಾಕು ಅಂತೀ," ಎಂದೆ ಹೆಂಡತಿಗೆ.

ತಾಸು ತುಂಬುವ ಮೊದಲೇ ಗೋಡೆಯೊಳಗಿನಿಂದ ಯಾರೋ ಸುತ್ತಿಗೆಯಿಂದ ಬಡಿಯತೊಡಗಿದರು. ಢಣ್, ಢಣ್, ಢಢಣ್. ಕೂಸು ಬೆಚ್ಚಿಬಿದ್ದು ಕಿರುಚಿತು. ನಾನು ಹಾಲಿಗೆ ಓಡುವಷ್ಟರಲ್ಲಿ ಅಲ್ಲಿನ ರೇಡಿಯೇಟರ್ ಕೆಮ್ಮಿ, ಕ್ಯಾಕರಿಸಿ, ತುಕ್ಕು ನೀರನ್ನು ಉಗುಳಿತು. ಎದುರಿಗೇ, ಬೆಚ್ಚಗಾಗಲೆಂದು ಹರವಿದ್ದ ಕೌದಿ. ಅತ್ತೆ ತಮ್ಮ ತಾಯಿಯ ಹಳೇ ಸೀರೆಗಳನ್ನು ಸೇರಿಸಿ ಮೊಮ್ಮಗಳಿಗೆಂದು ಕೈಯಾರೆ ಹೊಲಿದು ತಂದದ್ದು. ಅದರ ತುಂಬ ಕೆಂಪು ಕಲೆ.

ಅವರು ಕೌದಿಯನ್ನು ಎತ್ತಿ ನೋಡಿದರು. "ಐಶು, ಇರಣ್ಣಗ ಫೋನ್ ಹಚ್ಚು," ಎಂದರು.

ಇರಣ್ಣ ಬಂದ. ನನ್ನ ಹೆಗಲು ತಟ್ಟಿ, "ಗ್ವಾಡಿ ಮಾತ್ರ ಗಟ್ಟಿ ಅದಾವ ನೋಡ್ರಿ," ಎಂದು ಚೀಲಗಳನ್ನು ಎತ್ತಿಕೊಂಡ. ಅತ್ತೆ, ಹೆಂಡತಿ, ಕೂಸನ್ನು ಹತ್ತಿಸಿಕೊಂಡು ಕಾರು ಹೊರಟಿತು.

ಬಾಯ್ಲರಿನ ಮೈಮೇಲಿದ್ದ ತಗಡಿನ ಪಟ್ಟಿಯನ್ನು ಆಗ ಓದಿದೆ. ಪದವೀಧರ ಮೊದಲು ಮಾಡಬೇಕಾದ ಕೆಲಸ, ಕೊನೆಗೆ ಮಾಡಿದೆ. ಆ ಪೈಪುಗಳಲ್ಲಿ ಹರಿಯುತ್ತಿದ್ದದ್ದು ನೀರೇ ಅಲ್ಲ, ಹಬೆ. ಹಬೆಯ ವಾಲ್ವು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುವಿದರೆ ತಣಿದ ನೀರು ಒಳಗೇ ನಿಲ್ಲುತ್ತದೆ, ಹಬೆ ಅದನ್ನು ಎತ್ತಿ ಬಡಿಯುತ್ತದೆ. ಎಲ್ಲ ವಾಲ್ವುಗಳನ್ನೂ ಮತ್ತೆ ತೆರೆದೆ. ಬಾಣಂತಿ ಕೋಣೆ ಮಾತ್ರ ಹಾಗೇ ತಣ್ಣಗೆ.

ಖಾಲಿ ಮಂಚದ ಪಕ್ಕ ನೆಲದಲ್ಲಿ ಕುಕ್ಕರಿಸಿದೆ. ಕಣ್ಣೆದುರಿಗೆ ನಾನು ಬಳಿದ ವಿಭೂತಿಯ ಮೂರು ಪಟ್ಟೆ, ಗಾರೆಯಂತೆ ಗಟ್ಟಿಯಾಗಿ. ಬೇರೆ ಕೋಣೆಗಳ ಗುಬುಟುಗಳು ಸುಸ್ಸೆಂದು ಉಸಿರು ಬಿಡುತ್ತಿದ್ದವು. ಇದರದು ಸದ್ದಿಲ್ಲ. ಒಳಗಿನ ಗಾಳಿ ಹೊರಬಂದರೆ ತಾನೇ ಹಬೆಗೆ ಜಾಗ. ಆ ಗಾಳಿ ಬರುವ ಕಿಂಡಿಯನ್ನೇ ನಾನು ಹಣೆಯೆಂದು ಪೂಜಿಸಿದ್ದೆ! ಮಂಚದ ಮೇಲೆ ಅತ್ತೆಯ ಬಳೆಯಿಂದ ಬಿದ್ದ ಪಿನ್ನೊಂದಿತ್ತು. ಅದನ್ನೇ ಕಿಂಡಿಗೆ ಚುಚ್ಚಿದೆ. ಸುಸ್ಸ್. ಕಬ್ಬಿಣ ಅಡಿಯಿಂದ ಮುಡಿಯವರೆಗೆ ಬಿಸಿಯಾಯಿತು. ಅದನ್ನು ಮುಟ್ಟಲು ನನ್ನನ್ನು ಬಿಟ್ಟು ಮನೆಯಲ್ಲಿ ಯಾರೂ ಇರಲಿಲ್ಲ.

ತೊಟ್ಟಿಲ ಕಾರ್ಯ ಮೆಕಿನ್ನಿಯಲ್ಲೇ ನಡೆಯಿತು. ಅಪ್ಪನಾದವನು ನೆಂಟರ ಸಾಲಿನಲ್ಲಿ ಕೂತು ಗುಗ್ಗರಿ ತಿಂದೆ. ಕೂಸಿನ ಮೂಗು ತೆರೆದ ಮೇಲೆಯೇ ಅವರು ಮರಳಿದರು. ಅತ್ತೆ ಕೋಣೆಯ ಬಿಸುಪಿನಲ್ಲಿ ಒಂದು ಗಳಿಗೆ ನಿಂತು, "ಏನಾಗಿತ್ತರಿ ಇದಕ್ಕ?" ಎಂದರು. ನಡೆದದ್ದನ್ನು ಹೇಳಿದೆ.

ಅವರು ದೇವರ ಮಾಡಕ್ಕೆ ಹೋಗಿ ವಿಭೂತಿ ಕಲಸಿ ತಂದು, ನನ್ನ ಹಣೆಗೆ ಮೂರು ಬೆರಳು ಎಳೆದರು. ಮತ್ತೊಮ್ಮೆ ಎಳೆದರು.

"ಇಷ್ಟ ದಪ್ಪ ಯಾಕ್ರಿ, ಅತ್ತಿ?"

"ಇಲ್ಲಿ ಎಷ್ಟ ಬಳದ್ರೂ ಚಿಂತಿಲ್ಲ ಬಿಡ್ರಿ," ಎಂದರು, ಕೂಸಿನ ಕಡೆ ತಿರುಗುತ್ತ. "ಒಳಗಿಂದ ಹೊರಗ ಬರೂದು ಏನೂ ಇಲ್ಲ."