ದೊಡ್ಡವ್ವನ ಚೌಕಳಿ ಸೀರೆಯ ನಕ್ಷೆ

ನಮ್ಮ ದೊಡ್ಡವ್ವನ ಹತ್ತಿರ ಉಡದ ಸೀರೆ ಒಂದಿದೆ. ಉಡದ ಸೀರೆ ಯಾರ ಮನೆಯಲ್ಲಿಲ್ಲ ಹೇಳಿ! ಆದರೆ ದೊಡ್ಡವ್ವ ಅದನ್ನು ಓದುತ್ತಾಳೆ. ಸಂಜೆ ಹೊಲದಿಂದ ಬಂದು, ಕೈಕಾಲು ತೊಳೆದು, ಕನ್ನಡಕ ಏರಿಸಿ, ಉಳಿದವರು ಪೇಪರು ಹಿಡಿಯುವಂತೆ ಸೀರೆ ಹಿಡಿದು ಕೂಡುತ್ತಾಳೆ. ಹೊಸಬರು ಯಾರಾದರೂ ಬಂದಿದ್ದರೆ ಅವರ ಮುಖ ನೋಡುವುದೇ ನನಗೊಂದು ಮೋಜು.

ಅದು ನಾರಾಯಣಪೇಟೆಯ ಚೌಕಳಿ ಸೀರೆ, ದೊಡ್ಡಪ್ಪನೇ ಮಗ್ಗದ ಮೇಲೆ ನೇಯ್ದದ್ದು. ಮಕ್ತಲ್ ಕಡೆಯ ನಮ್ಮೂರಿನ ಹೊರಗೆ ಒಂದು ಹುಲ್ಲುಬಯಲಿದೆ. ಅಲ್ಲಿ ಕೃಷ್ಣಮೃಗಗಳು ಓಡಾಡುತ್ತವೆ, ನಮ್ಮ ಕಡೆ ಚಿಗರಿ ಅನ್ನುತ್ತೇವೆ. ಆ ಬಯಲನ್ನು ದೊಡ್ಡವ್ವ ಸೀರೆಯ ಮೇಲೆ ಇಳಿಸಿಕೊಂಡಿದ್ದಾಳೆ. ಸೆರಗು ಎಂದರೆ ಕೃಷ್ಣಾ ನದಿಯ ದಿಕ್ಕು. ಕೆಂಪು ಅಂಚು ಊರಿನ ದಾರಿ. ಒಂದು ಚೌಕಕ್ಕೆ ಹತ್ತು ಹೆಜ್ಜೆ. ಹುಲ್ಲಿನಲ್ಲಿ ಹೊಸ ಮರಿ ಕಂಡ ದಿನ ಮನೆಗೆ ಬಂದು ಆ ಚೌಕದಲ್ಲಿ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಾಳೆ. ಚಿಗರಿಗಳು ವರ್ಷ ವರ್ಷವೂ ಅವೇ ಜಾಗಗಳಿಗೆ ಬಂದು ಮರಿ ಹಾಕುತ್ತವೆ ಎನ್ನುವುದು ಅವಳ ಲೆಕ್ಕ. "ನಾ ನೇಯ್ದದ್ದು ಉಡಾಕ," ಎಂದು ದೊಡ್ಡಪ್ಪ ಇಂದಿಗೂ ಗೊಣಗುತ್ತಾನೆ.

ಒಮ್ಮೆ ಗದ್ವಾಲಿನಿಂದ ಬಂದ ಸೊಸೆಯೊಬ್ಬಳು ಹಗ್ಗದ ಮೇಲಿದ್ದ ಈ ಸೀರೆ ನೋಡಿ, ಅಯ್ಯೋ, ದಾರವೆಲ್ಲ ಎದ್ದಿದೆ ಎಂದು ಕನಿಕರಪಟ್ಟು ಕತ್ತರಿ ತಂದಳು. ಒಳಗಿದ್ದ ದೊಡ್ಡವ್ವ ರೊಟ್ಟಿ ಬಡಿಯುವ ಕೈಯಲ್ಲೇ ಓಡಿ ಬಂದಳು.

"ಕತ್ರಿ ದೂರ ಇಡವಾ. ಅದರಾಗ ಮರಿ ಅದಾವ."

ಸೊಸೆ ಆ ಸೀರೆಯ ಹತ್ತಿರ ಮತ್ತೆ ಸುಳಿಯಲಿಲ್ಲ.

ನಾನು ಕಲಿತವನಲ್ಲವೇ? ದೊಡ್ಡವ್ವನನ್ನು ಸುಧಾರಿಸಲು ಹೊರಟೆ. ಮೊಬೈಲಿನಲ್ಲಿ ನಮ್ಮೂರಿನ ನಕ್ಷೆ ತೆಗೆದು, ಕೆಳಗಡೆ ಹರಿಯುವ ಕೃಷ್ಣೆಯನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ಸೆರಗು ಕೆಳಗ ಜಾರೈತಿ ನೋಡು," ಎಂದು ಫೋನನ್ನೇ ತಿರುಗಿಸಿ ನದಿಯನ್ನು ಮೇಲೆ ತಂದಳು. ಆಮೇಲೆ, "ಇದರಾಗ ಒಂದು ಮರಿನೂ ಇಲ್ಲಲ್ಲೋ ತಮ್ಮಾ," ಎಂದು ವಾಪಸು ಕೊಟ್ಟಳು. ಇನ್ನೇನು ಸುಧಾರಿಸಲಿ!

ಅವಳ ಜೊತೆ ಬಯಲಿಗೆ ಹೋಗುವುದಂತೂ ಮರ್ಯಾದೆಯ ಪ್ರಶ್ನೆ. ಹುಲ್ಲಿನ ಅಂಚು ಬಂದ ಕೂಡಲೇ ನನ್ನ ಮೊಣಕೈ ಗಟ್ಟಿಯಾಗಿ ಹಿಡಿಯುತ್ತಾಳೆ. ನನಗೆ ನಲವತ್ತಾರು ವರ್ಷ, ತಲೆಗೆ ಬಣ್ಣ ಹಚ್ಚುತ್ತೇನೆ. ದಾರಿಯಲ್ಲಿ ಹೋಗುವವರು ನಗುತ್ತಾರೆ. ಎಷ್ಟು ಕೊಸರಿದರೂ ಬಿಡುವುದಿಲ್ಲ.

ಕಳೆದ ವರ್ಷ ಒಂದು ಸುದ್ದಿ ಬಂತು. ಸರ್ಕಾರದ ನಕ್ಷೆಯಲ್ಲಿ ಆ ಬಯಲು ಖಾಲಿ ಬಂಜರು ಎಂದಿದೆಯಂತೆ, ಹಾಗಾಗಿ ಅಲ್ಲಿ ಪೂರ್ತಿ ಸಸಿ ನೆಡುತ್ತಾರಂತೆ. ಗಿಡ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ದೊಡ್ಡವ್ವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಗಿಡ ಬೆಳದ್ರ ಚಿಗರಿಗೆ ದೂರ ಕಾಣಂಗಿಲ್ಲ. ದೂರ ಕಾಣದಿದ್ರ ಅಲ್ಲಿ ಮರಿ ಹಾಕಂಗಿಲ್ಲ. ಮರಿ ಕಟಗೊಂಡು ಎಲ್ಲಿಗೆ ಹೋಗಬೇಕು ಅವು? ನಮ್ಮ ತೊಗರಿ ಹೊಲಕ್ಕ ಬರ್ತಾವ, ಹೊಡತ ತಿಂತಾವ." ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆಗ ಮೊದಲ ಸಲ ನೋಡಿದೆ.

ಗುಂಡಿ ತೋಡುವ ಮೊದಲು ಜಾಗ ಪರೀಕ್ಷಿಸಲು ಅರಣ್ಯ ಇಲಾಖೆಯಿಂದ ಒಬ್ಬ ಮೇಡಂ ಬಂದರು. ಕೈಯಲ್ಲಿ ಟ್ಯಾಬು, ಅದರೊಳಗೆ ನಕ್ಷೆ, ನಕ್ಷೆಯ ಮೇಲೆ ಚೌಕಗಳು. ದೊಡ್ಡವ್ವ ಇಣುಕಿದಳು.

"ಚೌಕಳಿ ಚೆಂದೈತಿ. ಯಾರು ನೇಯ್ದದ್ರಿ ಇದು?"

"ಆಕಾಶದಿಂದ ಫೋಟೋ ತೆಗೆದು ಮಾಡ್ಯಾರಮ್ಮಾ. ಇಲ್ಲಿ ಏನೂ ಇಲ್ಲ ಅಂತ ಐತಿ."

"ಅಷ್ಟು ಎತ್ತರದಿಂದ ನೋಡಿದ್ರ ನಮ್ಮನಿಯಾವ್ರೂ ಕಾಣಂಗಿಲ್ರಿ. ಅದಕ್ಕ ಅವ್ರು ಇಲ್ಲ ಅಂತೀರೇನು?"

ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪ ಕೆಮ್ಮಿದ. ಅಷ್ಟರಲ್ಲಿ ದೊಡ್ಡವ್ವ ಒಳಗಿನಿಂದ ಸೀರೆ ತಂದು ಅಂಗಳದಲ್ಲಿ ಹಾಸಿದಳು. ಗಾಳಿಗೆ ಹಾರದಂತೆ ನಾವು ಮೂಲೆಗಳ ಮೇಲೆ ಕೂತೆವು. ಮೇಡಂ ಮೊದಲು ನಕ್ಕರು. ಆಮೇಲೆ ಚೌಕ ಎಣಿಸತೊಡಗಿದರು. ಆಮೇಲೆ ಚಪ್ಪಲಿ ಮೆಟ್ಟಿ, "ನಡೀರಿ, ನೋಡೋಣ," ಎಂದರು. ಅಂಚಿನಿಂದ ಹೆಜ್ಜೆ ಎಣಿಸುತ್ತ ಹೋದರೆ, ಮೂರನೆಯ ಹೊಲಿಗೆಯ ಜಾಗದಲ್ಲಿ, ಹುಲ್ಲಿನ ಬುಡಕ್ಕೆ ಅಂಟಿಕೊಂಡು ಒಂದು ಮರಿ ಮಲಗಿತ್ತು. ಮೇಡಂ ಉಸಿರು ಬಿಗಿಹಿಡಿದು ಹಿಂದೆ ಸರಿದರು. ಅಂದು ಸಂಜೆಯವರೆಗೂ ಸೀರೆಯ ಒಂದೊಂದು ಕೆಂಪು ಹೊಲಿಗೆಯನ್ನೂ ಟ್ಯಾಬಿಗೆ ಏರಿಸಿದರು.

ಎರಡು ತಿಂಗಳಾದ ಮೇಲೆ ಅವರೇ ಹೊಸ ನಕ್ಷೆ ಹಿಡಿದು ಬಂದರು. ಸಸಿಗಳು ಕಾಲುವೆಯ ದಂಡೆಗೆ ಹೋದವು. ಬಯಲಿನ ಮೇಲೆ ಹುಲ್ಲುಗಾವಲು ಎಂಬ ಬಣ್ಣ ಬಂದಿತ್ತು, ಅದರ ತುಂಬ ಚುಕ್ಕೆಗಳು. ಊರಿಗೆಲ್ಲ ಖುಷಿ. ದೊಡ್ಡವ್ವ ಮಾತ್ರ ಸೀರೆ ಹಾಸಿ ಒಂದೊಂದನ್ನೇ ತಾಳೆ ನೋಡಿ ತಲೆ ಎತ್ತಿದಳು.

"ಒಂದು ಕಮ್ಮಿ ಐತ್ರಿ."

ಅವಳ ಬೆರಳು ಒಂದು ಬಿಳಿ ದಾರದ ಹೊಲಿಗೆಯ ಮೇಲಿತ್ತು. ಇಷ್ಟು ವರ್ಷ ನಾನು ಅದನ್ನು ನೋಡಿಯೇ ಇರಲಿಲ್ಲ.

"ಇದು ಯಾವ ಪ್ರಾಣಿ ಅಮ್ಮಾ?" ಮೇಡಂ ಕೇಳಿದರು.

"ಇವ," ಎಂದು ದೊಡ್ಡವ್ವ ನನ್ನ ಕಡೆ ಕೈ ಮಾಡಿದಳು. "ನಾಕು ವರ್ಷದಾಂವ ಇದ್ದ. ನಾವು ಹೊಲದಾಗ ಕಳೆ ತೆಗೆಯೋವಾಗ ಹುಲ್ಲಿನಾಗ ಹೊಕ್ಕು ಕಳದ. ಮಧ್ಯಾಹ್ನ ಪೂರ್ತಿ ಹುಡುಕಿದ್ವಿ. ಒಂದು ಹೆಣ್ಣು ಚಿಗರಿ ಅಲ್ಲೇ ಸುತ್ತಾಕತ್ತಿತ್ತು, ದೂರ ಹೋಗವಲ್ದು. ಏನೋ ಐತಿ ಅಂತ ಹೋದ್ನಿ. ಅದರ ಮರಿ ಮಲಗಿತ್ತು. ಅದರ ಬಾಜೂಕ ಇವನೂ ಮಲಗಿದ್ದ. ಮತ್ತ ಕಳದ್ರ ಜಾಗ ಗೊತ್ತಿರಲಿ ಅಂತ ಅವತ್ತೇ ಹೊಲಿಗಿ ಹಾಕಿದ್ನಿ. ಮೊದಲು ಬಿಳೀದು, ಆಮ್ಯಾಲ ಕೆಂಪುದು."

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ಇಷ್ಟು ವರ್ಷ ಗೇಲಿ ಮಾಡಿದ ನಕ್ಷೆಯ ಮೊದಲ ಗುರುತೇ ನಾನು.

ಅಂದು ಸಂಜೆ ಮರಿ ನೋಡಲು ಇಬ್ಬರೂ ಬಯಲಿಗೆ ಹೋದೆವು. ಹುಲ್ಲಿನ ಅಂಚು ಬಂದಾಗ, ಅವಳು ಕೈ ಚಾಚುವ ಮೊದಲೇ ನಾನು ಮೊಣಕೈ ಕೊಟ್ಟೆ.