ಮನ್ಯಾಗಿನ ಪ್ಲಗ್ಗು, ಟ್ರ್ಯಾಕ್ಟರ್ ಬ್ಯಾಟರಿ

ತೊಂಬತ್ತರ ದಶಕದಲ್ಲಿ ಹಾರೂಗೇರಿಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ ಇತ್ತು. ಟ್ರ್ಯಾಕ್ಟರ್ ಬ್ಯಾಟರಿಯನ್ನು ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಮಾಡುವ ಪೆಟ್ಟಿಗೆ ಮಾರಲು ಶುರು ಮಾಡಿದ್ದೇ ತಡ, ವಾರಕ್ಕೊಂದು ಪೇಚಿನ ಭಾನಗಡಿ ನನ್ನ ಬಾಗಿಲಿಗೆ ಬರತೊಡಗಿತು.

೧. ದಪ್ಪ ಕಾಲು

ಶಿರಗುಪ್ಪಿಯ ಕಬ್ಬಿನ ಗೌಡರೊಬ್ಬರು ಪೆಟ್ಟಿಗೆ ಒಯ್ದರು. ಪ್ಲಗ್ಗಿನ ಮೂರು ಕಾಲುಗಳಲ್ಲಿ ದಪ್ಪನೆಯದು ಅರ್ಥಿಂಗಿನದು, ಶಾಕ್ ಹೊಡೆಯದಂತೆ ಕಾಯುವುದು ಅದೇ ಅಂತ ಹೇಳಿಯೇ ಕಳಿಸಿದ್ದೆ. ಮರುದಿನ ಪೆಟ್ಟಿಗೆ ಸಮೇತ ಹೆಂಡತಿಯ ಜೊತೆ ಖುಷಿಯಿಂದ ಬಂದರು.

"ನಮ್ಮ ಗ್ವಾಡ್ಯಾಗ ಎರಡ ತೂತು ಅದಾವ್ರಿ. ದಪ್ಪ ಕಾಲ ಗರಗಸಲೆ ಕೊಯ್ದ ಒಗದೇನಿ. ಈಗ ಬರೋಬ್ಬರಿ ಕುಂಡ್ರತೈತಿ!"

"ಗೌಡ್ರ, ನಿಮ್ಮ ಜೀವಾ ಉಳಸೂ ಕಾಲ ಅದ!"

ಹೊಸ ಪ್ಲಗ್ ಹಾಕಿ, ಮನೆಗೆ ಬಂದು ಮೂರು ತೂತಿನ ಬೋರ್ಡನ್ನೂ ಕೂಡಿಸುತ್ತೇನೆಂದೆ. ಗೌಡರ ಹೆಂಡತಿ ಪ್ಲಗ್ಗನ್ನು ತಿರುಗಿಸಿ ನೋಡಿದರು.

"ಅಣ್ಣಾರ, ಇವರ ಕೈಯಾಗ ಕೊಡೂದಾದ್ರ ಉಳದ ಎರಡೂ ಕಾಲ ಕೊಯ್ದ ಕೊಡ್ರಿ. ನನ್ನ ತಾಳಿ ಗಟ್ಟಿ ಇರ್ತೈತಿ."

೨. ಬೆಕ್ಕಿಗೆ ಜ್ವರ

ಅಥಣಿಯ ದ್ರಾಕ್ಷಿ ತೋಟದ ಸಾವಕಾರರು ಬ್ಯಾಟರಿ ಚಾರ್ಜ್ ಆಗವಲ್ದು ಅಂತ ಹೇಳಿ ಕಳಿಸಿದರು. ಹೋದರೆ ಬ್ಯಾಟರಿ ಸುದ್ದಿ ಅವರಿಗೇ ಬೇಕಿಲ್ಲ.

"ನಮ್ಮ ಬೆಕ್ಕಿನ ಮೈ ಸುಡಾಕತ್ತೈತ್ರಿ! ದನದ ಡಾಕ್ಟರ್‌ಗ ಕರಿಯಾಕ ಹೋಗ್ಯಾರ."

ಮೂಲೆಯಲ್ಲಿ ಮಲಗಿದ್ದ ಬೆಕ್ಕನ್ನು ಎತ್ತಿದೆ. ಅದರ ಕೆಳಗೆ ಜಿಲೇಬಿಯಂತೆ ಸುತ್ತಿಟ್ಟ ತೆಳು ವೈರು! ಚಾರ್ಜರಿಗೂ ಅದೇ, ನೀರು ಕಾಯಿಸುವ ರಾಡಿಗೂ ಅದೇ. ಲೋಡು ತಾಳದೆ ವೈರು ಕಾದು ಸುಡುತ್ತಿತ್ತು; ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತು. ಓಡಿಹೋಗಿ ಮೇನ್ ಆಫ್ ಮಾಡಿ ವೈರನ್ನು ಕಿತ್ತೆ.

ಅಷ್ಟರಲ್ಲಿ ಡಾಕ್ಟರು ಏದುಸಿರು ಬಿಡುತ್ತ ಬಂದರು. "ಪೇಶಂಟ್ ಎಲ್ಲೈತ್ರಿ?"

ಕೈಯಲ್ಲಿದ್ದ ವೈರು ತೋರಿಸಿದೆ. "ಈಗಷ್ಟ ಜೀವಾ ಬಿಡ್ತ್ರಿ."

೩. ಕೊನೇ ಓವರು

ಕಾಗವಾಡದಲ್ಲಿ ತಂಗಿಯ ಮನೆ. ರವಿವಾರ ಮಧ್ಯಾಹ್ನ, ಕ್ರಿಕೆಟ್ ಮ್ಯಾಚಿನ ಕೊನೇ ಓವರು. ಕರೆಂಟ್ ಹೋದರೆ ಟಿವಿಗೆ ಬೇಕಾದೀತೆಂದು ಹೊರಗೆ ಕಟ್ಟೆಯ ಮೇಲೆ ಬ್ಯಾಟರಿ ಚಾರ್ಜಿಗೆ ಇಟ್ಟು ಕಾಯುತ್ತಿದ್ದೆ. ಒಳಗೆ ಜಾಗ ಸಿಗದ ಮಂದಿ ಅಂಗಳದಲ್ಲಿ ಕಿವಿ ನಿಗುರಿಸಿ ನಿಂತಿದ್ದರು.

ಪಕ್ಕದ ಮನೆಯ ಅಜ್ಜ ಬ್ಯಾಟರಿಯ ತೂತಿನ ಮೇಲೆ ಬಗ್ಗಿದ. "ಒಳಗ ಏನೋ ಬುಳುಬುಳು ಅನ್ನಾಕತ್ತೈತಿ, ತೂತಿನ ಕತ್ತಲಾಗ ಕಾಣವಲ್ದು," ಅನ್ನುತ್ತ ಕಡ್ಡಿ ಗೀರಿದ!

ಚಾರ್ಜ್ ಆಗುವಾಗ ಏಳುವ ಗ್ಯಾಸಿಗೆ ಬೆಂಕಿ ತಗುಲಿದರೆ ಬ್ಯಾಟರಿ ಸಿಡಿಯುತ್ತದೆ. 'ಆರಸ್ರಿ' ಅನ್ನಬೇಕು, ಗಾಬರಿಗೆ ಅರ್ಧವೇ ಬಾಯಿಗೆ ಬಂತು. "ಆರ! ಆರ!"

ಅಂಗಳದವರಿಗೆ ಅಷ್ಟೇ ಸಾಕಾಯಿತು. "ಆರಂತ ಲೇ! ಸಿಕ್ಸರ್!" ಸಿಳ್ಳೆ, ಕೇಕೆ! ಕೈಗೆ ಸಿಕ್ಕ ಅಜ್ಜನನ್ನೇ ಹೆಗಲಿಗೇರಿಸಿ ಕುಣಿದರು. ಕಡ್ಡಿ ದೂರ ಮಣ್ಣಿಗೆ ಬಿದ್ದು ಆರಿತು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ.

ತಂಗಿಯ ಗಂಡ ಅಳುಮೋರೆ ಹೊತ್ತು ಹೊರಬಂದ. "ಯಾಕ ಕುಣ್ಯಾಕತ್ತೀರ್ಲೇ? ನಮ್ಮಾಂವ ಔಟಾಗ್ಯಾನ!"

ಕುಣಿತ ನಿಂತಿತು; ಅಜ್ಜನನ್ನು ಕೆಳಗಿಳಿಸಲು ಹೋದರು. ಹೆಗಲ ಮೇಲಿಂದ ಅಜ್ಜ ಕಿಟಕಿಯತ್ತ ಕತ್ತು ಚಾಚಿ ಕೂಗಿದ:

"ಔಟಾದ್ರ ಆಗ್ಲಿ ಬಿಡ್ರಿ, ನನ್ನ ಇಳಸಬ್ಯಾಡ್ರಿ! ಇಲ್ಲಿಂದ ಟಿವಿ ಭಾಳ ಚೊಲೋ ಕಾಣಾಕತ್ತೈತಿ!"