ಎಂಟೂ ಸ್ವಂತದ್ದು

ಎಲ್ಲ ಹಾಳಾಗಲು ಕಾರಣ ಭಾವಮೈದುನನ ಬಲಗಾಲು. ಹೊಸ ಆಲ್ಬಮ್ಮಿನ ಮೊದಲ ಟ್ಯೂನು ಕೇಳುತ್ತಾ ಅವನು ಕಾಲಲ್ಲಿ ತಾಳ ಹಾಕುತ್ತಿದ್ದ, ಅದೂ ಸರಿಯಾಗಿ. ತಂತಿರಾಯನ ಜಾಝ್‌ಗೆ ಕಟ್ಟಿಕೊಂಡ ಹೆಂಡತಿಯೂ ಇಷ್ಟು ವರ್ಷದಲ್ಲಿ ಸರಿಯಾಗಿ ತಾಳ ಹಾಕಿದವಳಲ್ಲ.

ತಂತಿರಾಯ ಎಂಬುದು ಈ ಗಿಟಾರ್ ವಾದಕನಿಗೆ ಬೀದಿಯವರು ಇಟ್ಟ ಹೆಸರು. ಏಳು ವರ್ಷ ಕೂತು, ಯಾರಿಂದಲೂ ಒಂದು ಸ್ವರ ಕಡ ತರದೆ, ಎಂಟು ಟ್ಯೂನು ಕಟ್ಟಿದ್ದ. ‘ಎಂಟೂ ಸ್ವಂತ ರಚನೆ’ ಎಂಬ ಕವರು ಅಂದು ಮಧ್ಯಾಹ್ನ ಅಚ್ಚಿಗೆ ಹೋಗುವುದಿತ್ತು. ಬದುಕಿನಲ್ಲಿ ಅವನು ತನ್ನದು ಎಂದುಕೊಳ್ಳುವಂಥದ್ದು ಅದೊಂದೇ.

ಅಷ್ಟರಲ್ಲಿ ಭಾವಮೈದುನ ಮುಂದಿನ ಸಾಲನ್ನು ಗಿಟಾರಿಗಿಂತ ಮೊದಲೇ ಗುನುಗಿಬಿಟ್ಟ.

“ನಿನಗೆ ಹೇಗೋ ಗೊತ್ತು ಇದು?”

“ನಮ್ಮ ಕ್ಷೌರದಂಗಡಿಯವನು ದಿನಾ ಶಿಳ್ಳೆ ಹೊಡೀತಾನಲ್ಲ ಭಾವ, ಅದೇ ತಾನೇ? ಹಳೇದಾದ್ರೂ ಚೆನ್ನಾಗಿ ನುಡಿಸಿದೀರ ಬಿಡಿ.”

ತಂತಿರಾಯ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಕ್ಷೌರದಂಗಡಿಗೆ ಓಡಿದ.

“ಟ್ಯೂನು ನನ್ನದಲ್ಲ ಸ್ವಾಮಿ, ಹಿಂದಿನ ಬೀದಿ ದರ್ಜಿದು,” ಎಂದ ಕ್ಷೌರದವನು. “ನಾನು ಅಂಗಡಿ ಹಾಕಿದಾಗಿಂದ ಕೇಳ್ತಿದೀನಿ. ಅವನ ಹತ್ರ ಷರ್ಟು ಹೊಲಿಸ್ಕೊಂಡೋರಿಗೆಲ್ಲ ಅಂಟ್ಕೊಂಡಿದೆ.”

“ನಂಗೂ ಬರುತ್ತೆ,” ಎಂದು ಕುರ್ಚಿಯಲ್ಲಿದ್ದ ಗಿರಾಕಿ ನೊರೆಯೊಳಗಿಂದಲೇ ಆಲ್ಬಮ್ಮಿನ ಮೂರನೇ ಟ್ಯೂನು ಗುನುಗಿದ.

ತಂತಿರಾಯ ದರ್ಜಿಯ ಅಂಗಡಿಯ ಹೊರಗೆ ನಿಂತು ಕಿವಿಗೊಟ್ಟ. ಮಷಿನ್ನಿನ ಸದ್ದಿನ ಜೊತೆ ಎರಡನೇದು, ಐದನೇದು, ಏಳನೇದು, ಒಂದಾದ ಮೇಲೊಂದು ಬಂದವು. ಅವನಿಗೆ ನೆನಪಾಯಿತು. ಗಿಡ್ಡ ಮಾಡಿಸಲು ಮೂರು ಪ್ಯಾಂಟುಗಳನ್ನು ಕೊಟ್ಟದ್ದು ಇದೇ ಅಂಗಡಿಗೆ. ತನ್ನ ತಲೆಯಲ್ಲಿ ಹುಟ್ಟಿದವು ಎಂದುಕೊಂಡಿದ್ದ ಎಂಟೂ ಟ್ಯೂನು ಆ ಪ್ಯಾಂಟುಗಳ ಜೊತೆ ಮನೆಗೆ ಬಂದಿದ್ದವು. ಏಳು ವರ್ಷ ನೀರುಪಾಲಾಯಿತು ಎಂದು ಮೆಟ್ಟಿಲ ಮೇಲೆ ಕೂತು ಅತ್ತ. ಆದರೂ ಪ್ರಾಮಾಣಿಕ ಮನುಷ್ಯ. ಆಲ್ಬಮ್ ತರುತ್ತಿದ್ದ ಕಂಪನಿಯ ಮಾಲೀಕನಿಗೆ ಫೋನ್ ಹಚ್ಚಿದ.

“ಸಾರ್, ಟ್ಯೂನು ನನ್ನದಲ್ಲ, ಒಬ್ಬ ದರ್ಜಿದು. ಕವರಿಗೆ ಅವರ ಹೆಸರೇ ಹಾಕಿ.” ಬೋರ್ಡು ನೋಡಿ ಹೆಸರು, ನಂಬರು ಎರಡನ್ನೂ ಓದಿ ಹೇಳಿದ.

ಒಳಗೆ ಹೋಗುವ ಧೈರ್ಯ ಬರಲು ಮತ್ತೆರಡು ಗಂಟೆ ಹಿಡಿಯಿತು. ಹೋದವನೇ ದರ್ಜಿಯ ಎರಡೂ ಕೈ ಹಿಡಿದುಕೊಂಡ. “ಕ್ಷಮಿಸಿ, ನಿಮ್ಮ ಟ್ಯೂನೆಲ್ಲ ಕದ್ದಿದೀನಿ.”

ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟ. “ನನ್ನವಾ? ನಂಗೆಲ್ಲಿ ಬರಬೇಕು ಅವೆಲ್ಲ. ಈ ಗೋಡೆ ಹಿಂದೆ ಯಾರೋ ಪುಣ್ಯಾತ್ಮ ದಿನವಿಡೀ ಟಿಂಗ್ ಟಿಂಗ್ ಅನ್ನಿಸ್ತಿರ್ತಾನೆ. ತಡ್ಕೊಳಕ್ಕಾಗದೆ ಜೊತೆಗೆ ಗುನುಗಿ ಗುನುಗಿ ಅಭ್ಯಾಸ ಆಗೋಯ್ತು. ನಾಲ್ಕನೇದರಲ್ಲಿ ಒಂದು ಕಡೆ ಅವನು ತಪ್ಪದೆ ತಪ್ತಾನೆ. ಅಲ್ಲಿಗೆ ಬಂದಾಗ ನನ್ನ ಹೊಲಿಗೇನೂ ಸೊಟ್ಟಗಾಗುತ್ತೆ.”

ತಂತಿರಾಯ ಗೋಡೆಯನ್ನು ನೋಡಿದ. ಅದರ ಆಚೆಗಿದ್ದದ್ದು ಅವನದೇ ಅಭ್ಯಾಸದ ಕೋಣೆ. ಮಾಲೀಕನಿಗೆ ಮತ್ತೆ ಫೋನ್ ಮಾಡಿದ.

“ಸಾರ್, ಟ್ಯೂನು ನನ್ನದೇ.”

“ಮಧ್ಯಾಹ್ನ ದರ್ಜಿದು ಅಂದ್ರಿ, ಈಗ ನಿಮ್ಮದು ಅಂತೀರಿ, ಸಂಜೆಗೆ ಯಾರದ್ದು ಅಂತೀರೋ,” ಎಂದ ಮಾಲೀಕ. “ಕವರು ಅಚ್ಚಾಗೋಯ್ತು. ಬೇಜಾರು ಮಾಡ್ಕೋಬೇಡಿ, ಗಿಟಾರಿನವನು ಜಾಝ್ ಕಟ್ಟಿದ ಅಂದ್ರೆ ಯಾರೂ ತಿರುಗಿ ನೋಡಲ್ಲ. ದರ್ಜಿ ಕಟ್ಟಿದ ಅಂದಿದ್ದಕ್ಕೆ ಆಗಲೇ ಇಬ್ಬರು ಪತ್ರಿಕೆಯೋರು ವಿಚಾರಿಸಿದಾರೆ.” ಫೋನ್ ಇಟ್ಟುಬಿಟ್ಟ.

ತಂತಿರಾಯ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತ. ಆಗ ದರ್ಜಿಯ ಫೋನ್ ಬಡಿದುಕೊಂಡಿತು. ಅವನು ಬಹಳ ಹೊತ್ತು ಹೂಂ ಹೂಂ ಅಂದು, ಕೊನೆಗೆ “ಆಗ್ಲಿ ಸಾರ್” ಎಂದು ಇಟ್ಟ. ತಂತಿರಾಯನ ಕಡೆ ತಿರುಗಿ, ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, ಸಂಕೋಚದಿಂದಲೇ ಹೇಳಿದ:

“ಕಂಪನಿಯೋರಿಗೆ ನನ್ನಿಂದ ಇನ್ನೊಂದು ಆಲ್ಬಮ್ ಬೇಕಂತೆ. ಒಪ್ಕೊಂಡ್ಬಿಟ್ಟೆ. ನಾಳೆಯಿಂದ ಹೊಸದೇನಾದ್ರೂ ಶುರು ಮಾಡ್ತೀರಾ? ಸ್ವಲ್ಪ ಗೋಡೆ ಹತ್ರಾನೇ ಕೂತ್ಕೊಳ್ಳಿ.”